ಎರಡು ಡಬ್ಬಿ, ಒಂದು ನೋವು

ನಮ್ಮ ಕೆಲಸದಲ್ಲಿ ಒಂದು ಬಗ್ಗನ್ನು ಮುಚ್ಚಿ ಹಾಕೋಕೆ ಅತಿ ಸುಲಭದ ದಾರಿ ಒಂದಿದೆ. ‘ಕೆನಾಟ್ ರೀಪ್ರೊಡ್ಯೂಸ್’ ಅಂತ ಬರೆದು ಟಿಕೆಟ್ ಕ್ಲೋಸ್ ಮಾಡೋದು. ನನ್ನ ಲ್ಯಾಪ್‌ಟಾಪಿನಲ್ಲಿ ತೊಂದರೆ ಕಾಣಿಸಲಿಲ್ಲ, ಆದ್ದರಿಂದ ತೊಂದರೆ ಇಲ್ಲ. ಟಿಕೆಟ್ ಹಾಕಿದವನು ಮತ್ತೆ ಬರೀತಾನೆ, ನಾವು ಮತ್ತೆ ಮುಚ್ಚುತ್ತೇವೆ. ಮೂರನೇ ಸಲ ಅವನು ಬರೆಯೋದನ್ನೇ ಬಿಟ್ಟುಬಿಡ್ತಾನೆ. ಲೆಕ್ಕದಲ್ಲಿ ಮಾತ್ರ ಅದು ಬಗೆಹರಿದ ತೊಂದರೆ.

ಸಾಫ್ಟ್‌ವೇರಿನಲ್ಲಿ ಇದರಿಂದ ಹೆಚ್ಚೆಂದರೆ ಒಬ್ಬ ಗಿರಾಕಿ ಹೋಗ್ತಾನೆ. ಮನುಷ್ಯರ ನೋವಿನ ವಿಷಯದಲ್ಲೂ ನಾವು ಇದನ್ನೇ ಮಾಡಿದರೆ? ಇನ್ನೊಬ್ಬರು “ನೋಯ್ತಿದೆ” ಅಂದಾಗ ಅದನ್ನು ನಂಬೋಕೆ ನಮಗೆ ಏನು ಬೇಕು? ಅವರ ಮಾತು ಸಾಕಾ, ಇಲ್ಲ ಸ್ಕ್ಯಾನು, ರಿಪೋರ್ಟು, ಸಹಿ, ಸೀಲು ಎಲ್ಲಾ ಬೇಕಾ? ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ನನ್ನ ಕಿಬ್ಬೊಟ್ಟೆಯಿಂದ ತೆಗೆದ ಎರಡು ಚೂರುಗಳು ಎರಡು ಡಬ್ಬಿಗಳಲ್ಲಿ ಲ್ಯಾಬಿಗೆ ಹೋಗಿ, ಎರಡು ಬೇರೆ ಬೇರೆ ಉತ್ತರ ಹೊತ್ತು ತಂದಾಗ ಹುಟ್ಟಿದ್ದು.

ಮೊದಲು ಕಾಯಿಲೆಯ ವಿಷಯ ಹೇಳಿಬಿಡ್ತೀನಿ. ಗರ್ಭಕೋಶದ ಒಳಪದರ ಪ್ರತಿ ತಿಂಗಳು ಬೆಳೆದು, ಉದುರಿ, ಮುಟ್ಟಿನ ರಕ್ತದ ಜೊತೆ ಹೊರಗೆ ಹೋಗುತ್ತೆ. ಅದನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಇರಬಾರದ ಜಾಗದಲ್ಲಿ ಬೇರು ಬಿಟ್ಟರೆ ಅದಕ್ಕೆ ಎಂಡೋಮೆಟ್ರಿಯೋಸಿಸ್ ಅಂತ ಹೆಸರು. ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು ನೂರಕ್ಕೆ 10 ಜನರಿಗೆ, ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಇದು ಇದೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಯಾಕೆ ಬರುತ್ತೆ ಅನ್ನೋದು ಪೂರ್ತಿ ಬಗೆಹರಿದಿಲ್ಲ. ಮುಟ್ಟಿನ ರಕ್ತ ಸ್ವಲ್ಪ ಹಿಂದಕ್ಕೆ, ಅಂಡನಾಳಗಳ ಮೂಲಕ ಹೊಟ್ಟೆಯೊಳಗೆ ಹರಿದು ಅಲ್ಲಿ ಅಂಟಿಕೊಳ್ಳುತ್ತೆ ಅಂತ 1920ರ ದಶಕದಲ್ಲಿ ಅಮೆರಿಕದ ಡಾಕ್ಟರ್ ಜಾನ್ ಸ್ಯಾಂಪ್ಸನ್ ವಾದಿಸಿದರು. ಆದರೆ ಹಾಗೆ ಹಿಂದಕ್ಕೆ ಹರಿಯೋದು ಬಹುಪಾಲು ಹೆಂಗಸರಲ್ಲಿ ಆಗುತ್ತೆ, ಕಾಯಿಲೆ ಕೆಲವರಿಗೆ ಮಾತ್ರ.

ಇದರಲ್ಲಿ ಬಗೆಗಳಿವೆ. ಒಳಗಿನ ಪೊರೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂರೋದು ಒಂದು. ಅಂಡಾಶಯದಲ್ಲಿ ಚಾಕೊಲೇಟ್ ಬಣ್ಣದ ಹಳೇ ರಕ್ತ ತುಂಬಿದ ಗುಳ್ಳೆಯಾಗೋದು ಇನ್ನೊಂದು. ಮೂರನೆಯದು, ಆ ಪೊರೆಯನ್ನೂ ದಾಟಿ 5 ಮಿಲಿಮೀಟರಿಗಿಂತ ಆಳಕ್ಕೆ ಇಳಿಯೋದು. ಗರ್ಭಕೋಶವನ್ನು ಹಿಂದಿನ ಮೂಳೆಗೆ ಹಿಡಿದಿಟ್ಟಿರುವ ಪಟ್ಟಿಗಳು, ಯೋನಿ ಮತ್ತು ಗುದನಾಳದ ನಡುವಿನ ಜಾಗ, ಕರುಳಿನ ಗೋಡೆ, ಮೂತ್ರಕೋಶ, ಮೂತ್ರನಾಳ, ಹೀಗೆ ಎಲ್ಲಿ ಬೇಕಾದರೂ ಅದು ಗಂಟು ಕಟ್ಟಬಹುದು. ನನ್ನದು ಈ ಮೂರನೇ ಬಗೆ.

ನನ್ನ ಊರು ಅರಸೀಕೆರೆ ಕಡೆಯ ಒಂದು ಹಳ್ಳಿ. ನೋವು ಶುರುವಾಗಿದ್ದು ಹೈಸ್ಕೂಲಿನಲ್ಲಿ. ಅಜ್ಜಿ ಜೀರಿಗೆ ಕಷಾಯ ಕಾಸಿ ಕೊಟ್ಟು, “ಮದ್ವೆ ಆದ್ರೆ ಎಲ್ಲಾ ಸರಿಹೋಗುತ್ತೆ ಬಿಡು ಮಗಾ” ಅನ್ನೋಳು. ಬಿಇ ಓದುವಾಗ ಹಾಸ್ಟೆಲಿನಲ್ಲಿ ಮಾತ್ರೆಯ ಶೀಟು ಪೆನ್ನಿನ ಡಬ್ಬಿಯಲ್ಲೇ ಇರ್ತಿತ್ತು. ಬೆಂಗಳೂರಿಗೆ ಬಂದ ಮೇಲೆ ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಅಂದರು, ಇನ್ನೊಬ್ಬರು ಐಬಿಎಸ್ ಅಂದರು, ಮತ್ತೊಬ್ಬರು ಅಪೆಂಡಿಕ್ಸ್ ಇರಬಹುದು ಅಂತ ಒಂದು ರಾತ್ರಿ ಅಡ್ಮಿಟ್ ಮಾಡಿಕೊಂಡರು. ಮೂರು ಸಲ ಸ್ಕ್ಯಾನ್ ಆಯ್ತು, ಮೂರೂ ನಾರ್ಮಲ್. “ಐಟಿಯವರಲ್ವಾ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ” ಅಂದರು. ಮದುವೆಯೂ ಆಯ್ತು, ಸರಿಹೋಗಲಿಲ್ಲ. “ಒಂದು ಮಗು ಆಗ್ಲಿ ಸರಿಹೋಗುತ್ತೆ” ಅಂದರು ಅತ್ತೆ. ಈ ಕಾಯಿಲೆಗೆ ಹೆಸರು ಸಿಗೋಕೆ ಸಾಮಾನ್ಯವಾಗಿ 4ರಿಂದ 12 ವರ್ಷ ಹಿಡಿಯುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನನಗೆ ಹಿಡಿದಿದ್ದು 19.

ಕೊನೆಗೆ ಹೆಸರು ಸಿಕ್ಕಿದ್ದು ಯಾವುದೋ ಹೊಸ ಮಷೀನಿನಿಂದಲ್ಲ. ವಯಸ್ಸಾದ ಲೇಡಿ ಡಾಕ್ಟರೊಬ್ಬರು ಕೇಳಿದ ಒಂದೇ ಪ್ರಶ್ನೆಯಿಂದ. “ಆ ದಿನಗಳಲ್ಲಿ ಮೋಷನ್‌ಗೆ ಹೋಗುವಾಗ ಒಳಗೆ ಚುಚ್ಚಿದ ಹಾಗೆ ನೋವಾಗುತ್ತೇನಮ್ಮಾ? ಬೇರೆ ದಿನ ಇರಲ್ಲ, ಆ ದಿನಗಳಲ್ಲಿ ಮಾತ್ರ?”

ಆಗುತ್ತೆ. ಚಾಕು ಹಾಕಿ ತಿರುವಿದ ಹಾಗೆ ಆಗುತ್ತೆ. ಅವರು ಅದನ್ನು ಹಾಗೇ ಬರೆದುಕೊಂಡರು, ಸ್ಕ್ಯಾನಿನ ಚೀಟಿಯ ಮೇಲೆ ಎಲ್ಲಿ ನೋಡಬೇಕು ಅಂತಲೂ ಬರೆದರು. ಈ ಸಲ ಸ್ಕ್ಯಾನ್ ಮಾಡಿದವರು ಹೊಟ್ಟೆಯ ಮೇಲೆ ಜೆಲ್ ಸವರಿ ಎರಡು ನಿಮಿಷಕ್ಕೆ ಕಳಿಸಲಿಲ್ಲ. ಒಳಗಿನಿಂದ ಸ್ಕ್ಯಾನ್ ಮಾಡುತ್ತಾ, ಮೆಲ್ಲಗೆ ಒತ್ತಿ, ಗರ್ಭಕೋಶ ಮತ್ತು ಕರುಳು ಒಂದರ ಮೇಲೊಂದು ಜಾರುತ್ತವಾ ಅಂತ ನೋಡಿದರು. ಆರೋಗ್ಯವಾಗಿದ್ದರೆ ಅವು ಸಲೀಸಾಗಿ ಜಾರಬೇಕು. ನನ್ನವು ಅಂಟಿಕೊಂಡಿದ್ದವು. ಗುದನಾಳದ ಮುಂದೆ ಸುಮಾರು ಎರಡು ಸೆಂಟಿಮೀಟರಿನ ಗಂಟು.

ಮೂರು ಸಲ ನೋಡಿದ ಕಣ್ಣಿಗೆ ಕಾಣದ್ದು ನಾಲ್ಕನೇ ಸಲ ಕಂಡಿದ್ದು, ಎಲ್ಲಿ ನೋಡಬೇಕು ಅಂತ ಒಂದು ಮಾತು ಹೇಳಿಕೊಟ್ಟಿದ್ದರಿಂದ. ನಾವು ಅಂದುಕೊಂಡಿರೋದು ತಿರುಗುಮುರುಗು. ರೋಗಿಯ ಮಾತು ಬರೀ ಪೀಠಿಕೆ, ಯಂತ್ರ ತೋರಿಸೋದು ನಿಜ ಅಂತ. ಇಲ್ಲಿ ಆ ಮಾತಿಲ್ಲದೆ ಯಂತ್ರ ಕುರುಡಾಗಿತ್ತು.

ಆಮೇಲೆ ಆಪರೇಷನ್. ಕರುಳಿನ ಮೇಲೆ ಕೂತ ಗಂಟನ್ನು ತೆಗೆಯೋಕೆ ಮೂರು ದಾರಿ ಇವೆ. ಕರುಳಿನ ಮೇಲ್ಮೈಯಿಂದ ಅದನ್ನು ಹೆರೆದು ಬಿಡಿಸಬಹುದು. ಕರುಳಿನ ಗೋಡೆಯಿಂದ ಒಂದು ಬಿಲ್ಲೆಯಷ್ಟು ಕತ್ತರಿಸಿ ಹೊಲಿಯಬಹುದು. ಇಲ್ಲವೇ ಆ ಭಾಗದ ಕರುಳನ್ನೇ ತುಂಡು ತೆಗೆದು ಎರಡು ತುದಿ ಜೋಡಿಸಬಹುದು. ಹೆಚ್ಚು ತೆಗೆದಷ್ಟೂ ಅಪಾಯ ಹೆಚ್ಚು. ಹೊಲಿಗೆ ಸೋರಬಹುದು, ಗುದನಾಳ ಮತ್ತು ಯೋನಿಯ ನಡುವೆ ತೂತು ಬೀಳಬಹುದು, ಕೆಲವರಿಗೆ ಕೆಲ ತಿಂಗಳು ಹೊಟ್ಟೆಯ ಮೇಲೆ ಚೀಲ ಹಾಕಬೇಕಾಗಬಹುದು. ಆ ಜಾಗದಲ್ಲಿ ಹಾದುಹೋಗುವ ಸಣ್ಣ ನರಗಳಿಗೆ ಪೆಟ್ಟಾದರೆ ಮೂತ್ರ ಮಾಡೋದೂ ಕಷ್ಟವಾಗಬಹುದು. ಕಮ್ಮಿ ತೆಗೆದರೆ ಗಂಟು ಉಳಿದುಹೋಗಬಹುದು. ಇಷ್ಟನ್ನೂ ಓದಿ ಸಹಿ ಹಾಕಿದೆ. ನನ್ನ ವಿಷಯದಲ್ಲಿ ಹೆರೆಯೋದರಲ್ಲೇ ಮುಗಿಯಿತು. ಪಟ್ಟಿಯಿಂದ ತೆಗೆದ ಚೂರು ಒಂದು ಡಬ್ಬಿಗೆ, ಗುದನಾಳದ ಮೇಲಿಂದ ಹೆರೆದ ಚೂರು ಇನ್ನೊಂದು ಡಬ್ಬಿಗೆ.

ಡಬ್ಬಿ ಲ್ಯಾಬಿಗೆ ಹೋದ ಮೇಲೆ ಏನಾಗುತ್ತೆ ಅಂತ ಕುತೂಹಲಕ್ಕೆ ಓದಿಕೊಂಡೆ. ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿಡ್ತಾರೆ, ಕೆಡದ ಹಾಗೆ. ನೀರಿನಂಶ ತೆಗೆದು ಮೇಣದಲ್ಲಿ ಅಚ್ಚು ಹಾಕ್ತಾರೆ. ಮೇಣದ ಆ ಇಟ್ಟಿಗೆಯನ್ನು ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಹೆರೀತಾರೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಆ ಪೊರೆಯನ್ನು ಗಾಜಿನ ಮೇಲಿಟ್ಟು ಬಣ್ಣ ಹಾಕಿದರೆ ಕೋಶಗಳ ನಡುವಿನ ಬೀಜ ನೇರಳೆ, ಉಳಿದದ್ದು ಗುಲಾಬಿ. ಮೈಕ್ರೋಸ್ಕೋಪಿನಲ್ಲಿ ಪೆಥಾಲಜಿಸ್ಟ್ ಹುಡುಕೋದು ಮುಖ್ಯವಾಗಿ ಎರಡನ್ನು: ಗರ್ಭಕೋಶದ ಒಳಪದರದಲ್ಲಿ ಇರುವಂಥ ಗ್ರಂಥಿಗಳು, ಅವುಗಳ ಸುತ್ತ ಇರುವ ಸ್ಟ್ರೋಮಾ ಎಂಬ ಜೀವಕೋಶಗಳ ಹಾಸು. ಜೊತೆಗೆ ಹಳೇ ರಕ್ತಸ್ರಾವದ ಗುರುತಾಗಿ ಕಬ್ಬಿಣದಂಶ ನುಂಗಿದ ಕೋಶಗಳು ಸಿಗಬಹುದು.

ಆಳದ ಗಂಟುಗಳಲ್ಲಿ ಒಂದು ತೊಡಕಿದೆ. ಅಂಥ ಗಂಟಿನ ಹೆಚ್ಚಿನ ಭಾಗ ಗ್ರಂಥಿಯಲ್ಲ, ನಾರು ಮತ್ತು ನಯವಾದ ಸ್ನಾಯು. ಗಾಯ ಆಗಿ, ಮಾಗಿ, ಮತ್ತೆ ಗಾಯ ಆಗಿ ಮಾಗಿದ ಜಾಗ ಗಟ್ಟಿಯಾದ ಹಾಗೆ. ಗ್ರಂಥಿಗಳು ಅದರೊಳಗೆ ಅಲ್ಲೊಂದು ಇಲ್ಲೊಂದು ಅಡಗಿರ್ತವೆ. ಇಡೀ ಗಂಟನ್ನು ಪೊರೆ ಪೊರೆಯಾಗಿ ನೋಡೋಕೆ ಯಾವ ಲ್ಯಾಬಿಗೂ ಆಗಲ್ಲ. ಲಕ್ಷ ಸಾಲಿನ ಲಾಗಿನಿಂದ ನಾಲ್ಕು ಸಾಲು ತೆಗೆದು ನೋಡಿದ ಹಾಗೆ. ಆ ನಾಲ್ಕು ಸಾಲಿನಲ್ಲಿ ಎರರ್ ಇದ್ದರೆ, ಇದೆ ಅಂತ ಖಚಿತ. ಇಲ್ಲದಿದ್ದರೆ? ಆ ನಾಲ್ಕು ಸಾಲಿನಲ್ಲಿ ಇಲ್ಲ, ಅಷ್ಟೇ. ಅದಕ್ಕೇ ಯುರೋಪಿನ ಬಂಜೆತನ ಚಿಕಿತ್ಸಾ ತಜ್ಞರ ಸಂಘ ಇಎಸ್‌ಎಚ್‌ಆರ್‌ಇ 2022ರ ತನ್ನ ಮಾರ್ಗಸೂಚಿಯಲ್ಲಿ, ಚೂರಿನ ಪರೀಕ್ಷೆಯಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅನ್ನೋ ಹಾಗಿಲ್ಲ ಅಂತ ಹೇಳಿದೆ.

ನನ್ನ ರಿಪೋರ್ಟು ಬಂತು. ಮೊದಲ ಡಬ್ಬಿ: ಎಂಡೋಮೆಟ್ರಿಯೋಸಿಸ್ ಇದೆ. ಎರಡನೇ ಡಬ್ಬಿ: ನಾರು ಮತ್ತು ಸ್ನಾಯು ಮಾತ್ರ, ಗ್ರಂಥಿಗಳು ಕಂಡುಬಂದಿಲ್ಲ.

ಮೊದಲ ಸಾಲು ಓದಿ ಹೇಳಿದಾಗ ಅತ್ತೆ, “ಅಂದ್ರೆ ನಿಜವಾಗ್ಲೂ ಏನೋ ಇತ್ತು” ಅಂದರು. ಅದರಲ್ಲಿ ಕೊಂಕಿರಲಿಲ್ಲ, ಸಮಾಧಾನವೇ ಇತ್ತು. ಆದರೆ ಆ ‘ನಿಜವಾಗ್ಲೂ’ ಅನ್ನೋ ಪದ ನನ್ನ ಕಿವಿಯಲ್ಲಿ ಉಳಿದುಬಿಡ್ತು. ಊರಿಂದ ಬಂದಿದ್ದ ಅಮ್ಮ ಎರಡನೇ ಸಾಲನ್ನು ಹಿಡಿದುಕೊಂಡಳು. “ಹಂಗಾದ್ರೆ ಆ ಇನ್ನೊಂದು ಡಬ್ಬೀದು? ಅಲ್ಲಿ ಏನೂ ಇಲ್ದೇನೆ ಕುಯ್ದ್ರಾ?”

ಅಲ್ಲಿ ಏನೂ ಇಲ್ವಾ? ಮೋಷನ್ ಹೋಗುವಾಗ ಚುಚ್ಚುತ್ತಿದ್ದ ಜಾಗ ಅದೇ ಎರಡನೇ ಡಬ್ಬಿಯದ್ದು. ಒಂದೇ ಮೈ, ಒಂದೇ ನೋವು. ಒಂದು ಕಡೆಗೆ ಸರ್ಟಿಫಿಕೇಟ್ ಸಿಕ್ಕಿತು, ಇನ್ನೊಂದು ಕಡೆಗೆ ಸಿಗಲಿಲ್ಲ. ನಾನು ಎರಡರಲ್ಲೂ ಹೇಳಿದ್ದು ಒಂದೇ ಮಾತು. ಒಂದರಲ್ಲಿ ಸತ್ಯವಂತೆ, ಇನ್ನೊಂದರಲ್ಲಿ ಸುಳ್ಳುಗಾತಿ ಆಗೋಕೆ ಹೇಗೆ ಸಾಧ್ಯ?

ಇನ್ನೂ ಒಂದು ವಿಚಿತ್ರ ಇದೆ. ಈ ಕಾಯಿಲೆಯನ್ನು ಆಪರೇಷನ್ನಿನಲ್ಲಿ ಕಂಡದ್ದರ ಮೇಲೆ 1ರಿಂದ 4ರವರೆಗೆ ಹಂತಗಳಾಗಿ ಅಳೀತಾರೆ. ಆದರೆ ಹಂತಕ್ಕೂ ನೋವಿಗೂ ಸರಿಯಾದ ತಾಳೆ ಇಲ್ಲ. ಮೊದಲ ಹಂತದವಳು ನೆಲದ ಮೇಲೆ ಹೊರಳಾಡಬಹುದು. ನಾಲ್ಕನೇ ಹಂತದವಳಿಗೆ ಏನೂ ನೋವಿಲ್ಲದೆ, ಮಕ್ಕಳಾಗಲಿಲ್ಲ ಅಂತ ತೋರಿಸಿದಾಗ ಮಾತ್ರ ಗೊತ್ತಾಗಬಹುದು. ಅಂದರೆ ಸ್ಲೈಡು ಉತ್ತರ ಕೊಡೋದು ‘ಇದು ಏನು’ ಅನ್ನೋ ಪ್ರಶ್ನೆಗೆ. ‘ಎಷ್ಟು ನೋಯುತ್ತೆ’ ಅಂತ ಅದನ್ನು ಕೇಳಿದರೆ ಅದಕ್ಕೆ ಬಾಯಿಲ್ಲ. ನಾವು ಮಾತ್ರ ಅದರ ಬಾಯಲ್ಲಿ ಆ ಉತ್ತರವನ್ನೂ ಹೇಳಿಸೋಕೆ ಹೋಗ್ತೀವಿ.

ಎಲೇನ್ ಸ್ಕ್ಯಾರಿ ಅನ್ನೋ ಲೇಖಕಿ 1985ರಲ್ಲಿ ಬರೆದ ‘ದಿ ಬಾಡಿ ಇನ್ ಪೇನ್’ ಪುಸ್ತಕದಲ್ಲಿ ಹತ್ತಿರ ಹತ್ತಿರ ಇದನ್ನೇ ಹೇಳ್ತಾರೆ. ನೋವು ತಿನ್ನುವವರಿಗೆ ಅದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ, ಪಕ್ಕದಲ್ಲಿ ಕೇಳಿಸಿಕೊಳ್ಳುವವರಿಗೆ ಅದಕ್ಕಿಂತ ಸಂಶಯದ್ದು ಇನ್ನೊಂದಿಲ್ಲ. ಒಂದೇ ಸಂಗತಿ, ಗೋಡೆಯ ಆ ಕಡೆ ಪೂರ್ತಿ ಬೆಳಕು, ಈ ಕಡೆ ಪೂರ್ತಿ ಕತ್ತಲು.

ಈ ಗೋಡೆಯ ವಿಷಯದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ನಮ್ಮ ಹಳೇ ತರ್ಕಶಾಸ್ತ್ರದವರು. ನ್ಯಾಯದರ್ಶನದಲ್ಲಿ ತಿಳಿವಳಿಕೆಗೆ ನಾಲ್ಕು ಪ್ರಮಾಣ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕಣ್ಣಾರೆ ಕಂಡದ್ದಷ್ಟೇ ಪ್ರಮಾಣ ಅಂತ ಹಟ ಹಿಡಿದವರು ಚಾರ್ವಾಕರು. ನೈಯಾಯಿಕರು ಹಾಗನ್ನಲಿಲ್ಲ. ನಂಬಬಹುದಾದ ವ್ಯಕ್ತಿಯ ಮಾತೂ ಪ್ರಮಾಣವೇ ಅಂದರು. ಆ ವ್ಯಕ್ತಿಗೆ ‘ಆಪ್ತ’ ಅಂತ ಹೆಸರು. ಯಾರು ಆಪ್ತ? ವಿಷಯವನ್ನು ನೇರವಾಗಿ ತಿಳಿದವನು, ತಿಳಿದದ್ದನ್ನು ಇದ್ದ ಹಾಗೆ ಹೇಳಬೇಕು ಅನ್ನೋ ಮನಸ್ಸುಳ್ಳವನು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ (ಕಾಮಸೂತ್ರದವನಲ್ಲ, ಇವನು ಬೇರೆ) ಇದಕ್ಕೆ ಒಂದು ಮಾತು ಸೇರಿಸ್ತಾನೆ: ಈ ಲಕ್ಷಣ ಋಷಿಗೂ, ಆರ್ಯನಿಗೂ, ಮ್ಲೇಚ್ಛನಿಗೂ ಒಂದೇ. ಅಂದರೆ ಮಾತಿನ ಬೆಲೆ ಹೇಳುವವರ ಅಂತಸ್ತಿನ ಮೇಲೆ ನಿಂತಿಲ್ಲ. 2007ರಲ್ಲಿ ಮಿರಾಂಡಾ ಫ್ರಿಕರ್ ಅನ್ನೋ ಬ್ರಿಟಿಷ್ ತತ್ವಶಾಸ್ತ್ರಜ್ಞೆ, ಹೇಳುವವರು ಯಾರು ಅಂತ ನೋಡಿ ಅವರ ಮಾತಿನ ತೂಕ ಇಳಿಸೋದೇ ಒಂದು ಬಗೆಯ ಅನ್ಯಾಯ ಅಂತ ವಾದಿಸಿದರು. ನೋವಿನ ಬಗ್ಗೆ ಹೆಣ್ಣುಮಕ್ಕಳು ಹೇಳಿದ ಮಾತಿಗೆ ಎಷ್ಟು ಸಲ ಈ ಗತಿ ಆಗಿದೆ ಅಂತ ನಿಮ್ಮ ಮನೆಯಲ್ಲೇ ಒಮ್ಮೆ ಕೇಳಿ ನೋಡಿ.

ಹಾಗಾದರೆ ನೋವು ಅಂದವರ ಮಾತನ್ನೆಲ್ಲ ಹಾಗೇ ಒಪ್ಪಿಕೊಂಡು ಚಾಕು ಎತ್ತಬೇಕಾ? ಖಂಡಿತ ಇಲ್ಲ. ಇಲ್ಲಿ ಡಾಕ್ಟರುಗಳ ಪರವಾಗಿ ಗಟ್ಟಿಯಾಗಿ ಮಾತಾಡಬೇಕು. ಕಿಬ್ಬೊಟ್ಟೆಯ ನೋವಿಗೆ ಹತ್ತಾರು ಕಾರಣ ಇರಬಹುದು. ಎಂಡೋಮೆಟ್ರಿಯೋಸಿಸ್ ಇದ್ದರೂ ನೋವಿನ ಕಾರಣ ಅದೇ ಆಗಿರಬೇಕು ಅಂತಿಲ್ಲ. ಗಂಟು ತೆಗೆದ ಮೇಲೂ ಕೆಲವರಿಗೆ ನೋವು ಉಳಿಯುತ್ತೆ, ಕೆಲವರಿಗೆ ಮತ್ತೆ ಬರುತ್ತೆ, ವರ್ಷಗಟ್ಟಲೆ ನೊಂದ ನರಗಳು ತಾವೇ ಸೂಕ್ಷ್ಮವಾಗಿಬಿಟ್ಟಿರ್ತವೆ. ಸಂಶಯಪಡದ ಸರ್ಜನ್ ಕೈಗೆ ನಾನಂತೂ ನನ್ನ ಕರುಳು ಕೊಡಲ್ಲ.

ಇಲ್ಲೇ ಒಂದು ಪದ ನಮ್ಮ ದಾರಿ ತಪ್ಪಿಸಿದೆ ಅನ್ನಿಸುತ್ತೆ. ನೈಯಾಯಿಕರ ಅನುಮಾನ ಅಂದರೆ ಹೊಗೆ ನೋಡಿ ಬೆಂಕಿ ಇದೆ ಅಂತ ತಿಳಿಯೋದು. ಅದು ಅರಿವಿನ ದಾರಿ. ನಮ್ಮ ಆಡುಮಾತಿನ ಅನುಮಾನ ಅಂದರೆ, “ಇವಳು ನಾಟಕ ಆಡ್ತಿರಬಹುದಾ?” ಅನ್ನೋದು. ಡಾಕ್ಟರಿಗೆ ಬೇಕಾದ್ದು ಮೊದಲನೆಯದು, ಅಂದರೆ ಇಂಥ ಕಡೆ ಇಂಥ ಹೊತ್ತಿನಲ್ಲಿ ನೋಯುತ್ತೆ ಅಂತಾಳೆ, ಹಾಗಾದರೆ ಒಳಗೆ ಏನಿರಬಹುದು ಅಂತ ಯೋಚಿಸೋದು. ಎರಡನೆಯದು ಶುರುವಾದ ಕ್ಷಣ ಮೊದಲನೆಯದು ನಿಂತುಹೋಗುತ್ತೆ. ಹೊಗೆಯೇ ಸುಳ್ಳು ಅಂದ ಮೇಲೆ ಬೆಂಕಿ ಯಾಕೆ ಹುಡುಕಬೇಕು? ಎಲ್ಲಿ, ಯಾವಾಗ, ಎಷ್ಟು ನೋಯುತ್ತೆ ಅನ್ನೋದಕ್ಕೆ ಅನುಭವಿಸುವವಳೇ ಆಪ್ತೆ. ಏನು, ಯಾಕೆ ಅನ್ನೋದಕ್ಕೆ ಸ್ಕ್ಯಾನು, ಸರ್ಜನ್, ಸ್ಲೈಡು. ಒಬ್ಬರ ಖಾತೆಗೆ ಇನ್ನೊಬ್ಬರು ಕೈ ಹಾಕಬಾರದು. ನಾನು “ಇದು ಎಂಡೋಮೆಟ್ರಿಯೋಸಿಸ್ಸೇ” ಅಂತ ಹಟ ಹಿಡಿದರೆ ಅದು ನನ್ನ ಅಧಿಕಾರ ಅಲ್ಲ. ಲ್ಯಾಬ್ ರಿಪೋರ್ಟು ಹಿಡಿದು “ನಿಮಗೆ ನೋವಿಲ್ಲ” ಅಂತ ಯಾರಾದರೂ ಅಂದರೆ ಅದು ಅವರ ಅಧಿಕಾರವೂ ಅಲ್ಲ.

ಇನ್ನೊಂದು ಲೆಕ್ಕವೂ ಇದೆ, ನಮ್ಮಂಥ ಎಂಜಿನಿಯರುಗಳಿಗೆ ಗೊತ್ತಿರುವ ಲೆಕ್ಕ. ಎಷ್ಟು ಪುರಾವೆ ಬೇಕು ಅನ್ನೋದು ಆ ಪುರಾವೆ ಇಟ್ಟುಕೊಂಡು ಏನು ಮಾಡ್ತೀವಿ ಅನ್ನೋದರ ಮೇಲೆ ನಿಲ್ಲಬೇಕು. ಟೆಸ್ಟ್ ಸರ್ವರಿನಲ್ಲಿ ಒಂದು ಬದಲಾವಣೆಗೆ ಒಬ್ಬರ ಒಪ್ಪಿಗೆ ಸಾಕು. ಬ್ಯಾಂಕಿನ ಲೈವ್ ಡೇಟಾಬೇಸಿಗೆ ಕೈ ಹಾಕೋಕೆ ನಾಲ್ಕು ಜನರ ಸಹಿ ಬೇಕು. ಕರುಳು ಕತ್ತರಿಸೋಕೆ ಸ್ಕ್ಯಾನ್ ಬೇಕು, ಎಂಆರ್‌ಐ ಬೇಕು, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕು, ತಪ್ಪಾದರೆ ಜೀವನಪೂರ್ತಿ ತೆರಬೇಕು. ಅದೇ ಇಎಸ್‌ಎಚ್‌ಆರ್‌ಇ ಮಾರ್ಗಸೂಚಿ ಇನ್ನೊಂದು ಮಾತನ್ನೂ ಹೇಳಿದೆ. ಮೊದಲೆಲ್ಲ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡೋದೇ ಈ ಕಾಯಿಲೆಗೆ ಅಂತಿಮ ಪುರಾವೆ ಅಂತಿತ್ತು. ಈಗ ಹಾಗಿಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದಾಗ, ಇಲ್ಲ ಮಾತ್ರೆಗಳು ಕೆಲಸ ಮಾಡದಿದ್ದಾಗ ಮಾತ್ರ ಅದು. ಅಂದರೆ ಮಾತ್ರೆ ಶುರು ಮಾಡೋಕೆ ಮೈ ಕೊಯ್ದು ತೆಗೆದ ಸಾಕ್ಷಿ ಬೇಕಿಲ್ಲ ಅಂತ ವೈದ್ಯರೇ ಒಪ್ಪಿಕೊಂಡ ಹಾಗಾಯ್ತು.

ಹಾಗಾದರೆ ಒಂದು ದಿನದ ರಜೆಗೆ ಎಷ್ಟು ಪುರಾವೆ ಬೇಕು? ಬಿಹಾರದಲ್ಲಿ 1992ರಿಂದಲೇ ಸರ್ಕಾರಿ ಕೆಲಸದ ಹೆಂಗಸರಿಗೆ ತಿಂಗಳಿಗೆ ಎರಡು ದಿನ ಈ ರಜೆ ಇದೆ. ನಮ್ಮ ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನದ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಆ ವಾರ ನಮ್ಮ ಕ್ಯಾಂಟೀನಿನಲ್ಲಿ ಚರ್ಚೆಯೋ ಚರ್ಚೆ. “ಎಲ್ಲಾ ಶುಕ್ರವಾರವೇ ತಗೋತಾರೆ ನೋಡ್ತಿರಿ” ಅಂದ ಒಬ್ಬ. ತಗೊಳ್ಳಲಿ ಅಂತಲೇ ಇಟ್ಟುಕೊಳ್ಳೋಣ. ಸುಳ್ಳು ಹೇಳಿದವಳನ್ನು ನಂಬಿದರೆ ಕಂಪನಿಗೆ ಹೋಗೋದು ಒಂದು ದಿನದ ಸಂಬಳ. ನಿಜ ಹೇಳಿದವಳನ್ನು ನಂಬದಿದ್ದರೆ ಹೋಗೋದು ಏನು ಅಂತ ನನ್ನ 19 ವರ್ಷಗಳನ್ನು ಕೇಳಿ. ಆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಯಾವ ನ್ಯಾಯ?

ಇನ್ನು, “ನೋಯ್ತಿದೆಯಾ? ಕೂತ್ಕೋ, ನೀರು ತರ್ತೀನಿ” ಅನ್ನೋದಕ್ಕೆ ಎಷ್ಟು ಪುರಾವೆ ಬೇಕು? ಇದಕ್ಕೆ ಖರ್ಚೇ ಇಲ್ಲ. ಆದರೂ ನಾವು ಜಿಪುಣತನ ಮಾಡೋದು ಇಲ್ಲೇ ಜಾಸ್ತಿ.

ಆಪರೇಷನ್ ಆಗಿ ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ ಹುರುಳಿಕಾಯಿ ನಾರು ತೆಗೀತಾ ಕೂತಿದ್ದಳು. ತಲೆ ಎತ್ತದೆ ಹೇಳಿದಳು, “ನಂಗೂ ಹಿಂಗೇ ಆಗೋದು ಕಣೇ. ಆ ದಿನ ಬಯಲಿಗೆ ಹೋಗಕ್ಕೇ ಹೆದರ್ಕೊಂಡು ಹಿಂದಿನ ದಿನದಿಂದ ಉಣ್ತಿರಲಿಲ್ಲ.” ಯಾರಿಗೂ ಹೇಳಲಿಲ್ವಾ ಅಂತ ಕೇಳಿದೆ. “ಹೇಳಿದ್ರೆ ಕಳೆ ಕೀಳೋರು ಯಾರು?” ಅಂದಳು. ಮುಟ್ಟು ನಿಂತ ಮೇಲೆ ನೋವೂ ನಿಂತಿತಂತೆ.

ತಾಯಿಗೋ ಅಕ್ಕತಂಗಿಯರಿಗೋ ಎಂಡೋಮೆಟ್ರಿಯೋಸಿಸ್ ಇದ್ದರೆ ಒಬ್ಬಳಿಗೆ ಅದು ಬರುವ ಸಂಭವ ಹೆಚ್ಚು ಅನ್ನೋದು ಗೊತ್ತಿರುವ ವಿಷಯ. ಆದರೂ ಅಮ್ಮನಿಗೆ ಆ ಕಾಯಿಲೆ ಇತ್ತು ಅಂತ ನಾನು ಹೇಳಲ್ಲ. ಅವಳಿಂದ ಯಾರೂ ಯಾವ ಚೂರನ್ನೂ ತೆಗೆಯಲಿಲ್ಲ, ಯಾವ ಡಬ್ಬಿಯೂ ಲ್ಯಾಬಿಗೆ ಹೋಗಲಿಲ್ಲ, ಇನ್ನು ಹೋಗೋದೂ ಇಲ್ಲ. ಅದು ಏನಾಗಿತ್ತು ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ. ಅವಳಿಗೆ ನೋಯುತ್ತಿತ್ತಾ ಅನ್ನೋದು ಪ್ರಶ್ನೆಯೇ ಅಲ್ಲ, ಅವಳೇ ಹೇಳಿದಳಲ್ಲ. ನಾನು ಅವಳ ಕೈಯಿಂದ ಅರ್ಧ ಹುರುಳಿಕಾಯಿ ತಗೊಂಡು, “ಆಮೇಲೆ ಏನ್ ಮಾಡ್ತಿದ್ದೆ?” ಅಂತ ಕೇಳಿದೆ. ಅವತ್ತು ಅವಳು ಸಾಯಂಕಾಲದವರೆಗೂ ಮಾತಾಡಿದಳು.